ಎರಡನೇ ಪರದೆ ಮನೆಗೆ ಬಂದ ಕಥೆ: 1981ರ ಐಬಿಎಂನಿಂದ ಬನ್ನಂಜೆಯ ಊಟದ ಮೇಜಿನವರೆಗೆ

(ಪಾಡ್‌ಕಾಸ್ಟ್‌ನ ಬರಹ ರೂಪ)



ಬೆಳಗ್ಗೆ ಏಳರ ಹೊತ್ತಿಗೆ ಬನ್ನಂಜೆಯ ಕೆಎಸ್‌ಆರ್‌ಟಿಸಿ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ನಿಂತು ನೋಡಿ. ಬೆಂಗಳೂರಿನ ರಾತ್ರಿ ಬಸ್ಸಿಂದ ಇಳಿಯೋರ ಕೈಯಲ್ಲಿ ಬ್ಯಾಗು, ಬೇಕರಿ ಪೊಟ್ಟಣ ಇರ್ತದೆ. ಒಮ್ಮೊಮ್ಮೆ ಒಬ್ಬರ ಕೈಯಲ್ಲಿ ಅಗಲವಾದ, ತೆಳ್ಳಗಿನ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಮಾನಿಟರ್ ಚಿತ್ರ. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡ್ಕೊಂಡು ಆಟೋ ಹುಡುಕ್ತಾ ಇರ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಉಂಟು, ಅದರಲ್ಲಿ ಒಂದು ಪರದೆ ಉಂಟು. ಮತ್ತೆ ಇದು ಎಂತಕ್ಕೆ?

ಇವತ್ತಿನ ಎಪಿಸೋಡ್ ಈ ಪ್ರಶ್ನೆಯ ಬಗ್ಗೆ. ಎರಡನೇ ಮಾನಿಟರ್‌ಗೂ ಒಂದು ಇತಿಹಾಸ ಉಂಟು. ಅದು ಗೊತ್ತಿದ್ರೆ, ನಿಮ್ಮ ಮನೆಯಲ್ಲಿ ಕೇಬಲ್ ಹಾಕಿದಾಗ ಆಗೋ ಅರ್ಧ ತಲೆನೋವು ಯಾಕೆ ಆಗ್ತದೆ ಅಂತಲೂ ಗೊತ್ತಾಗ್ತದೆ.

ಮೊದಲು ನಮ್ಮ ಮನೆ ಕಥೆ ಹೇಳ್ತೇನೆ.

ಅಕ್ಕನ ಒಂದು ತಪ್ಪು

2020ರ ಮಾರ್ಚ್, ಮೂರನೇ ವಾರ. ಜನತಾ ಕರ್ಫ್ಯೂಗೆ ಎರಡು ದಿನ ಮುಂಚೆ ಅಕ್ಕ ಬೆಂಗಳೂರಿಂದ ಬನ್ನಂಜೆ ಮನೆಗೆ ಬಂದ್ಲು. ಕೈಯಲ್ಲಿ ಆಫೀಸಿನ ಲ್ಯಾಪ್‌ಟಾಪ್ ಒಂದೇ. 25ಕ್ಕೆ ಲಾಕ್‌ಡೌನ್ ಶುರು. ಊಟದ ಮೇಜೇ ಆಫೀಸು.

ಅವಳ ಕೆಲಸ ಇನ್ಶೂರೆನ್ಸ್ ಕ್ಲೇಮ್ ಪರಿಶೀಲನೆ. ಒಂದು ಕಡೆ ಆಸ್ಪತ್ರೆ ಬಿಲ್ಲಿನ ಸ್ಕ್ಯಾನ್, ಇನ್ನೊಂದು ಕಡೆ ತುಂಬಿಸಬೇಕಾದ ಫಾರ್ಮು. ಆಫೀಸಲ್ಲಿ ಇದಕ್ಕೆ ಎರಡು ಪರದೆ ಇತ್ತು. ಮನೆಯಲ್ಲಿ ಹದಿನಾಲ್ಕು ಇಂಚಿನ ಒಂದೇ ಪರದೆ. ಬಿಲ್ ನೋಡು, ಅಂಕಿ ನೆನಪಿಟ್ಟುಕೋ, ಆಲ್ಟ್-ಟ್ಯಾಬ್ ಒತ್ತು, ಟೈಪ್ ಮಾಡು. ಮತ್ತೆ ಆಲ್ಟ್-ಟ್ಯಾಬ್. ದಿನಕ್ಕೆ ನೂರಾರು ಸಲ.

ಏಪ್ರಿಲ್‌ನಲ್ಲಿ ಒಂದು ದಿನ 14,850 ಅನ್ನೋದು ಅವಳ ಕೈಯಲ್ಲಿ 18,450 ಆಯ್ತು. ಫೋನ್ ಬಂತು. ಬೈಗುಳ ಅಂತ ಅಲ್ಲ, ಆದ್ರೆ "ಮನೆಯಿಂದ ಆಗೋದಿಲ್ಲ ಅಂದ್ರೆ ಹೇಳಿ" ಅನ್ನೋ ಧಾಟಿ. ಅವಳು ಮಾತಾಡದೆ ಕೂತಿದ್ದಳು. ಅಪ್ಪ ಬಂದು ಕೇಳಿದ್ರು: "ಆಫೀಸಲ್ಲಿ ಎರಡು ಉಂಟು ಅಂದ್ರೆ, ಮನೆಯಲ್ಲಿ ಯಾಕೆ ಇಲ್ಲ?"

ಸರಳ ಪ್ರಶ್ನೆ. ಆದ್ರೆ ಉತ್ತರ ಹುಡುಕ್ಲಿಕ್ಕೆ ನಾವು ಕಂಪ್ಯೂಟರ್‌ಗಿಂತ ಹಿಂದೆ ಹೋಗ್ಬೇಕು.

ಪರದೆ ಬರುವ ಮುಂಚೆ ಮೇಜು ಇತ್ತು

ಬನ್ನಂಜೆ ಅಂದ ಕೂಡಲೇ ಬಹಳ ಜನರಿಗೆ ನೆನಪಾಗೋದು ವಿದ್ವಾಂಸ ಬನ್ನಂಜೆ ಗೋವಿಂದಾಚಾರ್ಯರು. 1936ರಲ್ಲಿ ಹುಟ್ಟಿದವರು, 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸಂಪಾದನೆ. ಅದಕ್ಕೆ ಅವರು ಆಧಾರ ಮಾಡಿಕೊಂಡದ್ದು ಮಧ್ವರ ಶಿಷ್ಯ ಹೃಷೀಕೇಶ ತೀರ್ಥರ ಪಾಠ; ಪಲಿಮಾರು ಮಠದಲ್ಲಿ ಉಳಿದು ಬಂದ, ತುಳು ಲಿಪಿಯ ತಾಳೆಗರಿ ಪ್ರತಿ.

ಗ್ರಂಥ ಸಂಪಾದನೆ ಅಂದ್ರೆ ಏನು? ಸರಳವಾಗಿ ಹೇಳೋದಾದ್ರೆ, ಒಂದು ಪ್ರತಿಯನ್ನು ಇನ್ನೊಂದರ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸೋದು. ಇಲ್ಲಿ ಒಂದು ಅಕ್ಷರ ಬೇರೆ, ಅಲ್ಲಿ ಒಂದು ಪದ ಬಿಟ್ಟುಹೋಗಿದೆ, ಯಾವುದು ಸರಿ? ಎರಡೂ ಒಟ್ಟಿಗೆ ಕಣ್ಣೆದುರು ಇರಲೇಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ತೆರೆದರೆ ನಡುವೆ ಇರೋದು ನಮ್ಮ ನೆನಪು. ನೆನಪು ಮೋಸ ಮಾಡ್ತದೆ. 14,850 ಅನ್ನು 18,450 ಮಾಡೋದು ಅದೇ.

ವಿದ್ವಾಂಸರಿಗೆ ಮಾತ್ರ ಅಲ್ಲ. ಉದಯವಾಣಿ 1970ರಲ್ಲಿ ಮಣಿಪಾಲದಿಂದ ಶುರುವಾಯ್ತು. ಆ ಕಾಲದ ಯಾವುದೇ ಪತ್ರಿಕೆಯಲ್ಲಿ ಕರಡು ತಿದ್ದುವವರ ಎದುರು ಎರಡು ಹಾಳೆ: ಕೈಬರಹದ ಮೂಲ, ಪಕ್ಕದಲ್ಲಿ ಅಚ್ಚಿನ ಕರಡು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡ್ತು. ಮನೆ ಮನೆಗೆ ಹೋಗಿ ಸಣ್ಣ ಸಣ್ಣ ದುಡ್ಡು ಸಂಗ್ರಹಿಸೋ ಯೋಜನೆ. ಅಂಥ ಲೆಕ್ಕ ತಾಳೆ ನೋಡ್ಲಿಕ್ಕೂ ಒಂದರ ಪಕ್ಕ ಇನ್ನೊಂದು ಪುಸ್ತಕ ಬಿಚ್ಚಲೇಬೇಕು.

ಇವರಿಗೆಲ್ಲ ಬೇಕಾದಷ್ಟು ಜಾಗ ಇತ್ತು. ಮೇಜು ಇತ್ತು. ಕಂಪ್ಯೂಟರ್ ಬಂದು ಮೊದಲು ಮಾಡಿದ್ದು ಆ ಮೇಜನ್ನು ಕಿತ್ತುಕೊಂಡದ್ದು. ಎಲ್ಲವನ್ನೂ ಒಂದು ಸಣ್ಣ ಕಿಟಕಿಯೊಳಗೆ ತುರುಕಿತು. ಅಲ್ಲಿಂದ ಮುಂದಿನ ನಲವತ್ತು ವರ್ಷ, ಕಳಕೊಂಡ ಮೇಜನ್ನು ಸ್ವಲ್ಪ ಸ್ವಲ್ಪವೇ ವಾಪಸ್ ಪಡೆದ ಕಥೆ.

1981: ಯಾರೂ ಯೋಜಿಸದ ಜೋಡಿ

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡ್ತು. ಅದಕ್ಕೆ ಎರಡು ಥರದ ಡಿಸ್‌ಪ್ಲೇ ಕಾರ್ಡ್ ಸಿಗ್ತಾ ಇತ್ತು. ಒಂದು ಎಂಡಿಎ, ಬರೀ ಅಕ್ಷರಕ್ಕೆ: ಹಸಿರು ಬಣ್ಣ, ಬಹಳ ಸ್ಪಷ್ಟ, ಆದ್ರೆ ಚಿತ್ರ ಬರೋದಿಲ್ಲ. ಇನ್ನೊಂದು ಸಿಜಿಎ: ಬಣ್ಣ ಬರ್ತದೆ, ಚಿತ್ರ ಬರ್ತದೆ, ಆದ್ರೆ ಅಕ್ಷರ ಒರಟು. ಆಫೀಸಿಗೆ ಒಂದು, ಬಣ್ಣ ಬೇಕಾದವರಿಗೆ ಇನ್ನೊಂದು ಅಂತ ಲೆಕ್ಕ.

ಇಲ್ಲೊಂದು ಸಣ್ಣ ತಾಂತ್ರಿಕ ವಿಷಯ. ಎರಡೂ ಕಾರ್ಡ್‌ಗಳು ಕಂಪ್ಯೂಟರಿನ ಮೆಮೊರಿಯಲ್ಲಿ ಬೇರೆ ಬೇರೆ ವಿಳಾಸ ಬಳಸ್ತಾ ಇದ್ವು. ಒಂದೇ ಬೀದಿಯ ಎರಡು ಮನೆ ಅಂತ ಇಟ್ಕೊಳ್ಳಿ. ಡೋರ್ ನಂಬರ್ ಬೇರೆ, ಹಾಗಾಗಿ ಜಗಳ ಇಲ್ಲ. ಇದರಿಂದ ಎರಡೂ ಕಾರ್ಡನ್ನು ಒಂದೇ ಪೆಟ್ಟಿಗೆಗೆ ಹಾಕಿ ಎರಡು ಮಾನಿಟರ್ ಜೋಡಿಸಬಹುದಾಗಿತ್ತು. "ಮೋಡ್" ಅನ್ನೋ ಆದೇಶ ಟೈಪ್ ಮಾಡಿ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಬದಲಾಯಿಸಬೇಕು. ಇವತ್ತಿನ ಹಾಗೆ ಮೌಸ್ ಜಾರಿಸಿಕೊಂಡು ಹೋಗೋದೆಲ್ಲ ಇಲ್ಲ.

ಆದ್ರೆ ಅಷ್ಟು ಸಾಕಾಯ್ತು. 1983ರಲ್ಲಿ ಬಂದ ಲೋಟಸ್ 1-2-3 ಅನ್ನೋ ಲೆಕ್ಕಾಚಾರದ ಸಾಫ್ಟ್‌ವೇರ್, ಹಸಿರು ಪರದೆಯಲ್ಲಿ ಅಂಕಿಗಳನ್ನೂ ಬಣ್ಣದ ಪರದೆಯಲ್ಲಿ ಅದರ ಗ್ರಾಫನ್ನೂ ತೋರಿಸಬಲ್ಲದಾಗಿತ್ತು. ಪ್ರೋಗ್ರಾಮರ್‌ಗಳು ಒಂದರಲ್ಲಿ ಪ್ರೋಗ್ರಾಂ ಓಡಿಸಿ, ಇನ್ನೊಂದರಲ್ಲಿ ಅದರ ತಪ್ಪು ಹುಡುಕ್ತಾ ಇದ್ರು. ಮತ್ತೆ ಅದೇ ತಾಳೆ ನೋಡುವ ಕೆಲಸ.

ಈ ಕಾಲದ ಒಂದು ಕಥೆ ನಂಗೆ ಬಹಳ ಇಷ್ಟ. ವಾನ್ ಸುವಣ್ಣುಕುಲ್ ಅನ್ನೋ ಥಾಯ್ಲೆಂಡಿನ ವಿದ್ಯಾರ್ಥಿ ಅಮೆರಿಕದಲ್ಲಿ ಪಿಎಚ್‌ಡಿ ಮಾಡ್ತಾ ಇದ್ದ. ತನ್ನ ಥೀಸಿಸ್‌ಗೆ ಐಬಿಎಂ ಪಿಸಿಯಲ್ಲಿ ಥಾಯ್ ಅಕ್ಷರ ಬೇಕಿತ್ತು. ಎಂಡಿಎ ಇಂಗ್ಲಿಷ್ ಅಕ್ಷರ ಚೆಂದ ತೋರಿಸ್ತದೆ, ಥಾಯ್ ತೋರಿಸೋದಿಲ್ಲ. ಅವನೇ ಒಂದು ಕಾರ್ಡ್ ಮಾಡಿದ. ಅದೇ 1982ರ ಹರ್ಕ್ಯುಲಿಸ್ ಕಾರ್ಡ್. ಪಕ್ಕದಲ್ಲಿ ಬಣ್ಣದ ಕಾರ್ಡ್, ಜೊತೆಗೆ ಒಂದು ಹರ್ಕ್ಯುಲಿಸ್: ಈ ಜೋಡಿ ಪ್ರೋಗ್ರಾಮರ್‌ಗಳ ಮೇಜಲ್ಲಿ ವರ್ಷಗಟ್ಟಲೆ ಉಳೀತು.

ಯಂತ್ರ ನಮ್ಮ ಲಿಪಿ ಬರೆಯೋದಿಲ್ಲ ಅಂದ್ರೆ ಏನು ಅಂತ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಕನ್ನಡ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಮಣಿಪಾಲದಲ್ಲಿ ಪಾಠ ಮಾಡಿದವರು. ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟವರು. ಬ್ಯಾಂಕಾಕಿನ ಸಂಕಟವೇ ಕರಾವಳಿಯಲ್ಲೂ ಇತ್ತು.

1987: ಮೌಸ್ ಗಡಿ ದಾಟಿದ ವರ್ಷ

ಎರಡು ಪರದೆ ಸೇರಿ ಒಂದೇ ಮೇಜಾಗಬೇಕು, ಒಂದು ಕಿಟಕಿಯನ್ನು ಎಳೆದು ಇನ್ನೊಂದಕ್ಕೆ ಹಾಕಬೇಕು. ಇದನ್ನು ಸಾಮಾನ್ಯ ಬಳಕೆದಾರರ ಕೈಗೆ ಕೊಟ್ಟದ್ದು 1987ರ ಮಾರ್ಚ್‌ನಲ್ಲಿ ಬಂದ ಆ್ಯಪಲ್‌ನ ಮ್ಯಾಕಿಂಟೋಷ್ 2. ಅದರಲ್ಲಿ ಆರು ಸ್ಲಾಟ್. ಆರಕ್ಕೂ ವಿಡಿಯೋ ಕಾರ್ಡ್ ಹಾಕಿದ್ರೆ ಆರು ಮಾನಿಟರ್. ಅರ್ಧ ಕಿಟಕಿ ಈ ಪರದೆಯಲ್ಲಿ, ಅರ್ಧ ಆ ಪರದೆಯಲ್ಲಿ ಇಡಬಹುದು.

ಇವತ್ತು ಸೆಟ್ಟಿಂಗ್ಸ್‌ನಲ್ಲಿ 1, 2 ಅಂತ ಬರೆದ ಚೌಕಗಳು ಕಾಣ್ತದಲ್ಲ, ಅದನ್ನು ಎಳೆದು ಎಡಕ್ಕೋ ಬಲಕ್ಕೋ ಇಡ್ತೇವಲ್ಲ, ಆ ಉಪಾಯ ಆ ಕಾಲದ ಮ್ಯಾಕ್‌ನಲ್ಲೇ ಇತ್ತು. ಯಾವ ಪರದೆ ಮುಖ್ಯ ಅಂತ ಹೇಳ್ಲಿಕ್ಕೆ ಪುಟಾಣಿ ಮೆನು ಪಟ್ಟಿಯನ್ನು ಎಳೆದು ಆ ಚೌಕದ ಮೇಲೆ ಇಡಬೇಕಿತ್ತು.

ಆದ್ರೆ ಬೆಲೆ ಸಾವಿರಾರು ಡಾಲರ್. ಡಿಸೈನ್ ಸ್ಟುಡಿಯೋ, ಪತ್ರಿಕಾ ಕಚೇರಿಗಳಿಗೆ ಮಾತ್ರ ಸಾಧ್ಯ. ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಅನ್ನೋ ಕಂಪನಿ ಶುರುವಾಯ್ತು, ಅದೂ ಮ್ಯಾಕ್‌ಗೆ ಸಾಫ್ಟ್‌ವೇರ್ ಬರೆಯೋ ಕೆಲಸದಿಂದ. ಊರು ಬಿಡದೆ ಹೊರದೇಶದ ಕೆಲಸ ಮಾಡಬಹುದು ಅಂತ ಇಲ್ಲಿನವರಿಗೆ ಅಷ್ಟು ಹಿಂದೆಯೇ ಗೊತ್ತಾಗಿತ್ತು. ಆದ್ರೆ ಕೆಲಸ ಮಾಡೋ ಜಾಗ ಆಫೀಸೇ. ಮನೆ ಅಲ್ಲ.

1998: ವಿಂಡೋಸ್ ಎದ್ದಿತು, ಮೇಜು ಮುರಿಯಿತು

ನಮ್ಮಲ್ಲಿ ಮನೆಗಳಿಗೆ ಬಂದದ್ದು ಮ್ಯಾಕ್ ಅಲ್ಲ, ವಿಂಡೋಸ್. ವಿಂಡೋಸ್ 95ರಲ್ಲಿ ಈ ಸೌಲಭ್ಯ ಇರಲಿಲ್ಲ. 1998ರ ಜೂನ್‌ನಲ್ಲಿ ಬಂದ ವಿಂಡೋಸ್ 98 ಒಮ್ಮೆಗೇ ಒಂಬತ್ತು ಮಾನಿಟರ್‌ವರೆಗೆ ಒಪ್ಪಿಕೊಂಡಿತು. ಪ್ರತಿ ಮಾನಿಟರ್‌ಗೂ ಬೇರೆ ಕಾರ್ಡ್ ಬೇಕಿತ್ತು. ಮರುವರ್ಷ, 1999ರಲ್ಲಿ, ಮ್ಯಾಟ್ರಾಕ್ಸ್ ಜಿ400 ಅನ್ನೋ ಕಾರ್ಡ್ ಒಂದರಲ್ಲೇ ಎರಡು ಪರದೆ ಓಡಿಸ್ತು.

ಸರಿ, ಸಾಫ್ಟ್‌ವೇರ್ ಬಂತು, ಕಾರ್ಡ್ ಬಂತು. ಆದ್ರೂ ಮನೆಗೆ ಯಾಕೆ ಬರಲಿಲ್ಲ? ಉತ್ತರ ಸರಳ ಮಾರಾಯ್ರೆ: ಭಾರ. ಆಗಿನ ಮಾನಿಟರ್ ಅಂದ್ರೆ ಸಿಆರ್‌ಟಿ, ಹಿಂದೆ ಉದ್ದನೆ ಗಾಜಿನ ಕೊಳವೆ. ಹದಿನೇಳು ಇಂಚಿನದು ಒಂದು ಅಂದ್ರೆ ಹದಿನೈದು ಕಿಲೋಗಿಂತ ಹೆಚ್ಚು. ಎರಡು ಇಟ್ರೆ ಪ್ಲೈವುಡ್ ಟೇಬಲ್ ನಡು ಬಗ್ತದೆ. ಒಂದೊಂದೂ ಸುಮಾರು ನೂರು ವ್ಯಾಟ್ ಕರೆಂಟು ಕುಡೀತದೆ, ಏಪ್ರಿಲ್-ಮೇ ಸೆಕೆಯಲ್ಲಿ ಕೋಣೆ ಒಲೆ ಆಗ್ತದೆ.

ಇದನ್ನು ಬದಲಾಯಿಸಿದ್ದು ಎಲ್‌ಸಿಡಿ. ಇವತ್ತಿನ ಇಪ್ಪತ್ತನಾಲ್ಕು ಇಂಚಿನ ಮಾನಿಟರ್ ಬಳಸೋದು ಇಪ್ಪತ್ತರಿಂದ ಮೂವತ್ತು ವ್ಯಾಟ್. ತೂಕ ನಾಲ್ಕೈದು ಕಿಲೋ ಅಷ್ಟೇ. ಕೈಯಲ್ಲಿ ಹಿಡ್ಕೊಂಡು ಬಸ್ಸಿಂದ ಇಳಿಯಬಹುದು. ಬನ್ನಂಜೆಯ ಆ ರಟ್ಟಿನ ಪೆಟ್ಟಿಗೆ ಸಾಧ್ಯ ಆದದ್ದು ಹೀಗೆ.

ಕೇಬಲ್ ಹಾಕಿದಾಗ ಏನಾಗ್ತದೆ

ಅಪ್ಪ ಪ್ರಶ್ನೆ ಕೇಳಿದ ಮೇಲೆ ಅಟ್ಟದ ಮೇಲಿಂದ ನನ್ನ ಹಳೇ ಎಲ್‌ಸಿಡಿ ಇಳಿಸಿದೆವು. ಅದಕ್ಕೆ ಹಿಂದೆ ಇದ್ದದ್ದು ನೀಲಿ ಬಣ್ಣದ ವಿಜಿಎ ಪೋರ್ಟ್ ಒಂದೇ. ಅಕ್ಕನ ಲ್ಯಾಪ್‌ಟಾಪಲ್ಲಿ ಇದ್ದದ್ದು ಎಚ್‌ಡಿಎಂಐ. ಇಲ್ಲಿಂದ ಇತಿಹಾಸ ನೇರ ನಿಮ್ಮ ಮೇಜಿಗೆ ಬರ್ತದೆ, ಗಮನ ಇಟ್ಟು ಕೇಳಿ.

ವಿಜಿಎ 1987ರದ್ದು, ಸಿಆರ್‌ಟಿಗಾಗಿ ಮಾಡಿದ ಅನಲಾಗ್ ಸಂಪರ್ಕ. ಎಚ್‌ಡಿಎಂಐ 2002ರ ಕೊನೆಗೆ ಬಂದದ್ದು, ಡಿಜಿಟಲ್. ಹಾಗಾಗಿ ಎರಡು ತುದಿಗೆ ಎರಡು ಪಿನ್ ಇರೋ ಬರೀ ಕೇಬಲ್ ಸಾಕಾಗೋದಿಲ್ಲ. ನಡುವೆ ಸಿಗ್ನಲ್ ಬದಲಾಯಿಸೋ ಕನ್ವರ್ಟರ್ ಬೇಕು. ಸಣ್ಣ ಡಬ್ಬಿಯಂಥದ್ದು, ಅಂಗಡಿಯಲ್ಲಿ "ಎಚ್‌ಡಿಎಂಐ ಟು ವಿಜಿಎ ಕನ್ವರ್ಟರ್" ಅಂತ ಕೇಳಿದ್ರೆ ಕೊಡ್ತಾರೆ.

ಎಚ್‌ಡಿಎಂಐಯನ್ನು ರೂಪಿಸಿದ್ದು ಮುಖ್ಯವಾಗಿ ಟಿವಿ ಕಂಪನಿಗಳು. ಅದಕ್ಕೇ ಚಿತ್ರದ ಜೊತೆ ಶಬ್ದವೂ ಅದರಲ್ಲೇ ಹೋಗ್ತದೆ. ಮಾನಿಟರ್ ಹಾಕಿದ ಕೂಡಲೇ ಲ್ಯಾಪ್‌ಟಾಪಿನ ಸ್ವರ ನಿಂತುಹೋದ್ರೆ ಗಾಬರಿ ಬೇಡ. ಶಬ್ದ ಮಾನಿಟರ್ ಕಡೆ ಹೋಗಿದೆ, ಅದರಲ್ಲಿ ಸ್ಪೀಕರ್ ಇಲ್ಲ, ಅಷ್ಟೇ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿ. ಮನೆಯ ಟಿವಿಯನ್ನೇ ಎರಡನೇ ಪರದೆ ಮಾಡಿದಾಗ ಅಂಚು ಕತ್ತರಿಸಿದ ಹಾಗೆ ಕಂಡ್ರೆ, ಅದು ಹಳೇ ಗಾಜಿನ ಟಿವಿ ಕಾಲದ ಪಳೆಯುಳಿಕೆ. ಆಗ ಅಂಚು ಓರೆಕೋರೆ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸ್ತಾ ಇದ್ರು. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದು.

ವಿಂಡೋಸ್ ಕೀ ಜೊತೆ ಪಿ ಒತ್ತಿದ್ರೆ ನಾಲ್ಕು ಆಯ್ಕೆ ಬರ್ತದೆ. ಇದು 2009ರ ವಿಂಡೋಸ್ 7ರಲ್ಲಿ ಬಂದದ್ದು, ಪ್ರೊಜೆಕ್ಟರ್ ಜೋಡಿಸೋರಿಗಾಗಿ. ಕ್ಲಾಸಲ್ಲಿ ಪಾಠ ಮಾಡೋರಿಗೆ ಎರಡೂ ಕಡೆ ಒಂದೇ ಚಿತ್ರ ಬೇಕು, ಅದು "ಡೂಪ್ಲಿಕೇಟ್". ನಿಮಗೆ ಬೇಕಾದದ್ದು "ಎಕ್ಸ್‌ಟೆಂಡ್". ಮೊದಲ ಸಲ ಜೋಡಿಸೋರು ಇಲ್ಲೇ ಎಡವ್ತಾರೆ. ಎರಡರಲ್ಲೂ ಒಂದೇ ಕಾಣ್ತದೆ, ಇದರಿಂದ ಎಂತ ಲಾಭ ಅಂತಾರೆ.

ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಆ ಎರಡು ಚೌಕಗಳನ್ನು ನಿಮ್ಮ ಮೇಜಲ್ಲಿ ಇರೋ ಹಾಗೇ ಇಡಿ. ಮಾನಿಟರ್ ಎಡಕ್ಕಿದ್ದು ಚೌಕ ಬಲಕ್ಕಿದ್ರೆ ಮೌಸ್ ಗೋಡೆಗೆ ಗುದ್ದಿದ ಹಾಗೆ ನಿಲ್ತದೆ. ಒಂದರಲ್ಲಿ ಅಕ್ಷರ ದೊಡ್ಡದು, ಇನ್ನೊಂದರಲ್ಲಿ ಸಣ್ಣದು ಆದ್ರೆ "ಸ್ಕೇಲ್" ಅಂತ ಇರ್ತದೆ, ಪ್ರತಿ ಪರದೆಗೂ ಬೇರೆ ಬೇರೆ ಇಡಬಹುದು. ಈ ಸೌಕರ್ಯ ಶುರುವಾದದ್ದು 2013ರ ವಿಂಡೋಸ್ 8.1ರಲ್ಲಿ.

ಹೊಸ ಲ್ಯಾಪ್‌ಟಾಪ್ ತಗೊಳ್ಳೋರಿಗೆ ಎರಡು ಮಾತು. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಚಿತ್ರ ಬರ್ತದೆ ಅಂತ ಅಲ್ಲ. ಕೆಲವು ಬರೀ ಚಾರ್ಜಿಂಗ್ ಮತ್ತು ಡೇಟಾಕ್ಕೆ ಮಾತ್ರ. ಹಾಗೇ, 2020ರ ಎಂ1 ಮ್ಯಾಕ್‌ಬುಕ್‌ಗಳು ಅಧಿಕೃತವಾಗಿ ಒಂದೇ ಹೊರಗಿನ ಮಾನಿಟರ್ ಒಪ್ತವೆ. ಆರು ಮಾನಿಟರ್ ಓಡಿಸಿದ ಕಂಪನಿ ಮೂವತ್ತಮೂರು ವರ್ಷದ ನಂತರ ಒಂದಕ್ಕೆ ಇಳೀತು. ಇತಿಹಾಸ ಯಾವಾಗಲೂ ಮುಂದಕ್ಕೇ ಹೋಗ್ತದೆ ಅಂತ ಇಲ್ಲ. ದುಡ್ಡು ಕೊಡುವ ಮುಂಚೆ ಎಷ್ಟು ಮಾನಿಟರ್ ಹಾಕಬಹುದು ಅಂತ ಕೇಳಿ.

ಸಿಡಿಲು ಮತ್ತು ಮೇಜು

ಕನ್ವರ್ಟರ್ ಸಿಕ್ಕಿದ್ದು ಲಾಕ್‌ಡೌನ್ ಸಡಿಲಾದ ಮೇಲೆ. ಹಾಕಿದ ದಿನ ಅಕ್ಕ ಎಡಕ್ಕೆ ಬಿಲ್, ಬಲಕ್ಕೆ ಫಾರ್ಮು ಇಟ್ಕೊಂಡು ಸುಮ್ಮನೆ ಐದು ನಿಮಿಷ ನೋಡಿದ್ಳು. "ಈಗ ಉಸಿರಾಡ್ಲಿಕ್ಕೆ ಆಗ್ತದೆ" ಅಂದ್ಳು. ಆ ವರ್ಷ ಮತ್ತೆ ಅಂಥ ಫೋನ್ ಬರಲಿಲ್ಲ.

2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಿಪಿಒ, ಐಟಿ ಸೇವೆಗಳ ನಿಯಮ ಸಡಿಲಿಸಿ, ಮನೆಯಿಂದ ಕೆಲಸ ಮಾಡಿಸೋದನ್ನು ಸುಲಭ ಮಾಡ್ತು. ಅಕ್ಕ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟಳು. ಅವಳು ಊರಲ್ಲಿ ಉಳಿದದ್ದು ಒಂದು ಹಳೇ ಮಾನಿಟರ್‌ನಿಂದ ಅಂತ ಹೇಳಿದ್ರೆ ಅತಿ ಆಗ್ತದೆ. ಆದ್ರೆ ಅದಿಲ್ಲದೆ ಅವಳು ಆ ಕೆಲಸದಲ್ಲಿ ಉಳೀತಾ ಇರಲಿಲ್ಲ, ಇದು ನಿಜ.

ಇದಕ್ಕೆ ಒಂದು ಬೆಲೆಯೂ ಇತ್ತು. ಆಫೀಸಿನ ಮೇಜು ಮನೆಗೆ ಬಂತು ಅಂದ್ರೆ ಆಫೀಸೂ ಬಂತು. ಒಂದು ವರ್ಷ ನಾವು ಚಾವಡಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಿದೆವು. ರಾತ್ರಿ ಹತ್ತಕ್ಕೂ ಆ ಎರಡು ಪರದೆ ಉರೀತಾ ಇರ್ತಿತ್ತು.

2021ರ ಮೇ. ತೌಕ್ತೆ ಚಂಡಮಾರುತ ಕರಾವಳಿಗೆ ಬಡಿದ ತಿಂಗಳು. ಅದಕ್ಕೂ ಸ್ವಲ್ಪ ಮುಂಚೆ, ಒಂದು ಸಂಜೆ, ಮಳೆಗಿಂತ ಮೊದಲು ಸಿಡಿಲು. ನಾವು ಕಂಪ್ಯೂಟರಿನ ಪ್ಲಗ್ ತೆಗೆದಿದ್ದೆವು. ಇಂಟರ್‌ನೆಟ್‌ನ ಕೇಬಲ್ ಮರೆತೆವು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಪೋರ್ಟ್ ಸುಟ್ಟುಹೋಯ್ತು, ಮಾನಿಟರ್ ಪುಣ್ಯಕ್ಕೆ ಉಳೀತು. ಉಡುಪಿ ಕಡೆಯವರು ಇದನ್ನು ನೆನಪಿಡಿ: ಎರಡು ಮಾನಿಟರ್ ಅಂದ್ರೆ ಸಿಡಿಲಿಗೆ ಇನ್ನೊಂದು ದಾರಿ. ಗುಡುಗು ದೂರ ಇರುವಾಗಲೇ ಕರೆಂಟಿನದ್ದು ಮಾತ್ರ ಅಲ್ಲ, ಎಲ್ಲಾ ವೈರೂ ತೆಗೆಯಿರಿ.

ಅವತ್ತು ಕತ್ತಲಲ್ಲಿ ಕೂತಿದ್ದಾಗ ಅಮ್ಮ ಹೇಳಿದ್ರು: "ಸಿಡಿಲು ಬಂದ್ರೆ ಮಾತ್ರ ನಿನ್ನ ಆಫೀಸು ಮುಚ್ಚೋದಾ ಮಗಾ? ನಂಗೆ ನನ್ನ ಮೇಜು ವಾಪಸ್ ಬೇಕು."

ಮರುದಿನ ಎರಡೂ ಪರದೆ ಚಾವಡಿಯ ಮೂಲೆಗೆ ಹೋಯ್ತು, ಕಿಟಕಿ ಪಕ್ಕ ಒಂದು ಸಣ್ಣ ಟೇಬಲ್ ಮೇಲೆ. ಸಂಜೆ ಏಳಕ್ಕೆ ಅಕ್ಕ ಎಲ್ಲಾ ಪ್ಲಗ್ ಕೀಳ್ತಾಳೆ, ಆಕಾಶ ತಿಳಿಯಾಗಿದ್ರೂ. ಈಗಲೂ ಅದೇ ಕ್ರಮ. ಊಟದ ಮೇಜಲ್ಲಿ ಈಗ ಊಟ.

ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಎಲ್‌ಸಿಡಿ ಒಂದು ಇರಬಹುದು. ಗುಜರಿಗೆ ಹಾಕುವ ಮುಂಚೆ ತಿರುಗಿಸಿ ಹಿಂದಿನ ಪೋರ್ಟ್ ನೋಡಿ. ಮನೆಯಲ್ಲಿ ಯಾರಿಗಾದರೂ ಎರಡು ಹಾಳೆ ಪಕ್ಕ ಪಕ್ಕ ಇಟ್ಟು ನೋಡುವ ಕೆಲಸ ಇದ್ರೆ, ಅನುವಾದ, ಲೆಕ್ಕಪತ್ರ, ಆನ್‌ಲೈನ್ ಕ್ಲಾಸಿನ ನೋಟ್ಸ್, ಏನೇ ಇರಲಿ, ಅದು ಅವರಿಗೆ ಬೇಕಾಗ್ತದೆ. ನಿಮ್ಮ ಮನೆಗೆ ಎರಡನೇ ಪರದೆ ಹೇಗೆ ಬಂತು ಅಂತ ನಮಗೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗುವ.